ಹುಲಿ ಕ್ರೂರಿ ಅಂತ ಬರೆಯದ ಹುಡುಗಿಗೆ ಸೊನ್ನೆ

ನಿನ್ನೆ ತಂಗಿ ಮನೆಗೆ ಹೋಗಿದ್ದೆ. ಅವಳ ಮಗಳು ಆರನೇ ಕ್ಲಾಸು. ಕನ್ನಡ ಟೆಸ್ಟ್ ಪೇಪರ್ ತಂದು ನನ್ನ ತೊಡೆ ಮೇಲಿಟ್ಟಳು. "ದೊಡ್ಡಮ್ಮಾ, ನಾನು ಬರೆದಿದ್ದು ತಪ್ಪಾ?" ಅಂತ ಕೇಳಿದಳು. ಓದಿದೆ. ಆಗ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ.

ಪುಣ್ಯಕೋಟಿಯ ಕಥೆಯನ್ನು ಗದ್ಯದಲ್ಲಿ ಕೊಟ್ಟು ಪ್ರಶ್ನೆ ಕೇಳಿದ್ದಾರೆ. 'ಹುಲಿಯ ಸ್ವಭಾವವನ್ನು ವಿವರಿಸಿ.' ನಾಲ್ಕು ಅಂಕ. ಇವಳು ಬರೆದದ್ದು ಹೀಗೆ: 'ಅರ್ಬುತನಿಗೆ ತುಂಬಾ ಹಸಿವಾಗಿತ್ತು. ಆದರೂ ಹಸುವಿನ ಮಾತು ನಂಬಿ ಬಿಟ್ಟಿತು. ಹಸು ವಾಪಸ್ ಬಂದಾಗ ತಿನ್ನಲಿಲ್ಲ. ಅದಕ್ಕೆ ನಾಚಿಕೆ ಆಯಿತು. ಅದು ಪೂರ್ತಿ ಕೆಟ್ಟ ಹುಲಿ ಅಲ್ಲ.' ಅದರ ಮೇಲೆ ಉದ್ದಕ್ಕೆ ಕೆಂಪು ಗೀಟು. ಪಕ್ಕದಲ್ಲಿ 'ಹುಲಿ ಕ್ರೂರಿ, ದುಷ್ಟ' ಅಂತ ತಿದ್ದಿದ್ದಾರೆ. ಅಂಕ ಸೊನ್ನೆ.

ಹಸುವನ್ನು ಒಡಹುಟ್ಟಿದ ಅಕ್ಕ ಅಂದುಕೊಂಡು, ತಿನ್ನದೆ, ಕೊನೆಗೆ ತನ್ನ ಪ್ರಾಣವನ್ನೇ ಬಿಡುತ್ತದೆ ಆ ಹುಲಿ. ಕಥೆ ಅಲ್ಲಿಗೆ ಮುಗಿಯುತ್ತದೆ. ಕೀ ಉತ್ತರ, ಅಂದರೆ ತಿದ್ದುವವರಿಗೆ ಕೊಡುವ ಮಾದರಿ ಉತ್ತರ, ಬರೆದವರು ಹುಲಿ ಅಡ್ಡಗಟ್ಟಿದ ಜಾಗದಲ್ಲೇ ನಿಂತುಬಿಟ್ಟಿದ್ದಾರೆ. ಮಗು ಕೊನೆ ತನಕ ಓದಿದೆ. ಸೊನ್ನೆ ಬಿದ್ದಿದ್ದು ಕೊನೆ ತನಕ ಓದಿದವಳಿಗೆ!

ನಿಮಗೆಲ್ಲ ಗೊತ್ತೇ ಇದೆ, ನಾನೂ ಆರು, ಏಳನೇ ಕ್ಲಾಸಿಗೆ ಕನ್ನಡ ಹೇಳಿಕೊಡುವವಳು. ಪಾತ್ರಗಳ ಬಗ್ಗೆ ನಾವು ಕೇಳುವುದಾದರೂ ಏನು? 'ಈ ಮಾತನ್ನು ಯಾರು ಯಾರಿಗೆ ಹೇಳಿದರು?' ಇಲ್ಲವೇ 'ಗುಣಗಳನ್ನು ಪಟ್ಟಿ ಮಾಡಿ.' ಸತ್ಯವಂತೆ, ದಯಾಮಯಿ, ಧೈರ್ಯಶಾಲಿ. ಮಕ್ಕಳು ಗೈಡ್ ನೋಡಿ ಬಾಯಿಪಾಠ ಮಾಡುತ್ತಾರೆ, ನಾವು ಟಿಕ್ ಹಾಕುತ್ತೇವೆ. ಪುಣ್ಯಕೋಟಿ ಸತ್ಯವಂತೆ ಅಂತ ಬರೆದ ಮಗುವಿಗೆ ಪುಣ್ಯಕೋಟಿ ಅರ್ಥವಾಗಿದ್ದಾಳೆ ಅಂತ ಹೇಗೆ ಹೇಳುವುದು? ಅವಳು ಹುಲಿಯ ಹತ್ತಿರ ಹೊರಡುವ ಮುಂಚೆ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುತ್ತಾಳೆ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಅಂತ ಬೇಡಿಕೊಳ್ಳುತ್ತಾಳೆ. ಆ ಒಂದು ಸಾಲಲ್ಲಿ ಇಡೀ ತಾಯಿ ಇದ್ದಾಳೆ. ಆ ಸಾಲಿನ ಬಗ್ಗೆ ಪ್ರಶ್ನೆ ಕೇಳಿದ ಪತ್ರಿಕೆಯನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಕಥೆ ಹೇಳುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮಿಸ್, ಹುಲಿಗೆ ಕೊಟ್ಟ ಮಾತು ದೊಡ್ಡದಾ, ಕರು ದೊಡ್ಡದಾ? ಕರು ಅನಾಥ ಆಗಲ್ವಾ?" ಅಂತ ಕೇಳಿದ. "ಪಾಠದಲ್ಲಿ ಇರೋದು ಕೇಳು, ಕೂತ್ಕೋ" ಅಂದೆ. ಕೂತ. ಆ ವರ್ಷ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ. ಪುಣ್ಯಕೋಟಿಯ ಸಂಕಟ ಇಡೀ ಕ್ಲಾಸಿನಲ್ಲಿ ಅವನೊಬ್ಬನಿಗೇ ತಟ್ಟಿತ್ತು. ಅವನನ್ನು ನಾನೇ ಸುಮ್ಮನಾಗಿಸಿದೆ. ನಿನ್ನೆ ಆ ಪೇಪರ್ ನೋಡಿದಾಗ ಅವನ ಮುಖವೇ ಕಣ್ಣ ಮುಂದೆ ಬಂತು.

ಸಹೋದ್ಯೋಗಿಗಳು ಹೇಳುವುದು ಗೊತ್ತು. ನಲವತ್ತು ಮಕ್ಕಳು, ಟೈಮ್ ಇಲ್ಲ, ಕೀ ಉತ್ತರ ಇಲ್ಲದಿದ್ದರೆ ಒಬ್ಬರು ನಾಲ್ಕು ಕೊಡುತ್ತಾರೆ, ಇನ್ನೊಬ್ಬರು ಒಂದು ಕೊಡುತ್ತಾರೆ. ಮಗು ಬರೆದಿದ್ದೆಲ್ಲ ಸರಿ ಅನ್ನೋಕಾಗುತ್ತಾ ಅಂತಲೂ ಕೇಳುತ್ತಾರೆ. ಆಗಲ್ಲ, ಯಾರೂ ಹಾಗೆ ಹೇಳುತ್ತಿಲ್ಲ. ಹುಲಿಗೆ ಹಸಿವೇ ಇರಲಿಲ್ಲ ಅಂತ ಬರೆದರೆ ತಪ್ಪು, ಯಾಕಂದ್ರೆ ಕಥೆ ಹಾಗೆ ಹೇಳುವುದಿಲ್ಲ. ಅಳತೆಗೋಲು ಅಲ್ಲೇ ಇದೆ ಅಲ್ವಾ? ಮಗು ಪಾತ್ರದ ಬಗ್ಗೆ ಏನು ಹೇಳಿದೆ ಅನ್ನುವುದಕ್ಕೆ ಒಂದು ಅಂಕ. ಅದಕ್ಕೆ ಕಥೆಯಿಂದ ಯಾವ ಘಟನೆ ಅಥವಾ ಮಾತು ತೋರಿಸಿದೆ ಅನ್ನುವುದಕ್ಕೆ ಎರಡು. ಪಾತ್ರ ಎಲ್ಲಿ ಬದಲಾಯಿತು, ಯಾಕೆ ಅಂತ ಗುರುತಿಸಿದರೆ ಇನ್ನೊಂದು. ಇದಕ್ಕೆ ಜಾಸ್ತಿ ಟೈಮ್ ಬೇಡ. ಹೀಗೆ ನೋಡಿದರೆ ನಮ್ಮ ಹುಡುಗಿಗೆ ನಾಲ್ಕಕ್ಕೆ ನಾಲ್ಕೂ ಬರಬೇಕು. ಹಸಿವು, ನಂಬಿಕೆ, ನಾಚಿಕೆ, ಮೂರನ್ನೂ ಹಿಡಿದಿದ್ದಾಳೆ.

ಬರೆಯಲು ಕಷ್ಟಪಡುವ ಮಕ್ಕಳಿಗೆ ಬಾಯಲ್ಲೇ ಕೇಳಬಹುದು. ಈಗೀಗ ನಾನು ಒಬ್ಬರನ್ನು ಮುಂದೆ ಕುರ್ಚಿಯಲ್ಲಿ ಕೂರಿಸುತ್ತೇನೆ. ಅವರೇ ಹುಲಿ. ಉಳಿದವರು ಪ್ರಶ್ನೆ ಕೇಳಬೇಕು. "ನೀನು ಹಸುವನ್ನು ಯಾಕೆ ಬಿಟ್ಟೆ?" "ಅದು ಬರದೇ ಇದ್ದಿದ್ದರೆ?" ಹೋದ ತಿಂಗಳು, ಎರಡು ಸಾಲು ಬರೆಯೋಕೂ ಒದ್ದಾಡುವ ಹುಡುಗನೊಬ್ಬ ಹುಲಿಯಾಗಿ ಕೂತು, "ನಾನು ಅದು ಬರಲ್ಲ ಅಂತಾನೇ ಅಂದ್ಕೊಂಡಿದ್ದೆ. ಬಂದಾಗ ನಂಗೆ ಭಯ ಆಯ್ತು" ಅಂದ. ಭಯ! ಇಷ್ಟು ವರ್ಷ ಪಾಠ ಮಾಡಿದ ನನಗೆ ಆ ಮಾತು ಹೊಳೆದಿರಲಿಲ್ಲ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಪಾಠ ನಡೆಯುತ್ತಿರುವಾಗಲೇ ಮಗು ಎಷ್ಟು ಕಲಿತಿದೆ ಅಂತ ನೋಡುವುದು, ಮಾಡುತ್ತೇವಲ್ಲ, ಅದು ಇಂಥದ್ದಕ್ಕೇ ಇರುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಕೂಡ ಮಗುವಿನ ತಿಳುವಳಿಕೆಯನ್ನು, ಅದನ್ನು ಬಳಸುವ ಶಕ್ತಿಯನ್ನು ನಿರಂತರವಾಗಿ ಅಳೆಯಿರಿ ಅನ್ನುತ್ತದೆ. ಗೈಡಿನಲ್ಲಿರುವ ಪದ ಪೇಪರಿನಲ್ಲಿದೆಯಾ ಅಂತ ಹುಡುಕುವುದು ತಿಳುವಳಿಕೆ ಅಳೆಯುವುದಲ್ಲ.

ತಂಗಿ ಮಗಳಿಗೆ "ನೀನು ಬರೆದಿದ್ದು ಸರಿ ಕಣೇ" ಅಂದೆ. "ಹಾಗಾದ್ರೆ ಮುಂದಿನ ಸಲ ಏನು ಬರೀಲಿ?" ಅಂತ ಕೇಳಿದಳು. ತಕ್ಷಣ ಉತ್ತರ ಬರಲಿಲ್ಲ ನನಗೆ. ಹನ್ನೊಂದು ವರ್ಷದ ಮಗು, ಕಥೆಯನ್ನು ನಂಬಲಾ, ಕೆಂಪು ಶಾಯಿಯನ್ನು ನಂಬಲಾ ಅಂತ ನನ್ನನ್ನು ಕೇಳುತ್ತಿತ್ತು.

ಮನೆಗೆ ಬಂದವಳೇ ನನ್ನ ಕ್ಲಾಸಿನ ಪೇಪರ್ ಕಟ್ಟು ಬಿಚ್ಚಿದ್ದೇನೆ. ಹೋದ ವಾರ ತಿದ್ದಿ ಮುಗಿಸಿದ್ದ 38 ಪೇಪರುಗಳು. ಪಾತ್ರದ ಪ್ರಶ್ನೆಗೆ ನಾನು ಸೊನ್ನೆ, ಅರ್ಧ ಕೊಟ್ಟಿದ್ದನ್ನೆಲ್ಲ ಬೇರೆ ಇಟ್ಟು ಮತ್ತೆ ಓದುತ್ತಿದ್ದೇನೆ. ಈವರೆಗೆ ಮೂರು ಕಡೆ ಅಂಕ ಬದಲಾಯಿಸಿದ್ದೇನೆ.