ಸೈತಾನನ ಮೀಸೆಗೆ ಕೊಡಗಿನ ಕಿತ್ತಳೆ

ಚಾಮುಂಡಿ ಬೆಟ್ಟದ ಮಹಿಷಾಸುರನ ಮೀಸೆ ನೋಡಿ ಬೆಳೆದ ಮೈಸೂರಿನವರಿಗೆ 'ಸೇಟನ್ಸ್ ವಿಸ್ಕರ್ಸ್' ಅನ್ನೋ ಹೆಸರು ಕೇಳಿ ಹೆದರಿಕೆ ಆಗುವುದಿಲ್ಲ. ಸೈತಾನನ ಮೀಸೆ, ಅಷ್ಟೇ ತಾನೆ! ಇದು ಜಿನ್ ಹಾಕಿ ಮಾಡುವ ಹಳೇ ಕಾಕ್ಟೇಲ್. ಲಂಡನ್ನಿನ ಸವಾಯ್ ಹೋಟೆಲಿನ ಬಾರ್ ನೋಡಿಕೊಳ್ಳುತ್ತಿದ್ದ ಹ್ಯಾರಿ ಕ್ರ್ಯಾಡಕ್ 1930ರಲ್ಲಿ ತಂದ ಪುಸ್ತಕದಲ್ಲಿ ಇದರ ಅಳತೆ ಇದೆ. ಮೀಸೆಯಲ್ಲೂ ಎರಡು ಬಗೆ. ಎರಡಕ್ಕೂ ಬೀಳುವುದು ಕಿತ್ತಳೆ ಲಿಕ್ಯೂರ್, ಅಂದರೆ ಕಿತ್ತಳೆ ಘಮದ ಸಿಹಿ ಮದ್ಯ. ಅದರಲ್ಲಿ ಗ್ರಾಂಡ್ ಮಾರ್ನಿಯೆ ಹಾಕಿದರೆ ನೆಟ್ಟನೆಯ ಮೀಸೆ, ಆರೆಂಜ್ ಕ್ಯುರಸಾವ್ ಹಾಕಿದರೆ ಸುರುಳಿ ಮೀಸೆ.

ಜಿನ್, ಸಿಹಿ ವರ್ಮುತ್, ಡ್ರೈ ವರ್ಮುತ್, ಕಿತ್ತಳೆ ರಸ ನಾಲ್ಕೂ 20 ಮಿಲೀ. ಕಿತ್ತಳೆ ಲಿಕ್ಯೂರ್ 10. ಮೇಲೆ ಆರೆಂಜ್ ಬಿಟರ್ಸ್, ಅಂದರೆ ಕಿತ್ತಳೆಯ ಕಹಿ ಸಾರ, ಒಂದು ಚಿಮುಕು. ಐಸ್ ಜೊತೆ ಚೆನ್ನಾಗಿ ಕುಲುಕಿ ಸೋಸುವುದು. ಮಂಡ್ಯದಿಂದ ಬಂದಿದ್ದ ಭಾವ ಟೇಬಲ್ ಮೇಲಿನ ಸಾಲು ನೋಡಿ, "ಅಲ್ಲ ಕಣಪ್ಪ, ಒಂದು ಲೋಟ ಕುಡಿಯೋಕೆ ಇಷ್ಟೊಂದು ಬಾಟ್ಲಾ?" ಅಂದರು.

ಎಲ್ಲರೂ ಜಿನ್ ಯಾವುದು ಅಂತ ಕೇಳುತ್ತಾರೆ. ನನ್ನ ಪ್ರಕಾರ ಇಲ್ಲಿ ಅದಕ್ಕೆ ದೊಡ್ಡ ಮರ್ಯಾದೆ ಬೇಕಿಲ್ಲ. ಮಜಾ ಇರುವುದು ವರ್ಮುತ್ತಿನಲ್ಲಿ. ಅದು ಸೊಪ್ಪು, ಬೇರು, ತೊಗಟೆ ನೆನೆಸಿ, ಸ್ವಲ್ಪ ಸ್ಪಿರಿಟ್ ಸೇರಿಸಿದ ವೈನ್. ಹಳೇ ಕಾಲದಿಂದ ಅದರಲ್ಲಿ ಮುಖ್ಯವಾಗಿ ಬೀಳುತ್ತಿದ್ದದ್ದು ವರ್ಮ್‌ವುಡ್ ಅನ್ನೋ ಕಹಿ ಗಿಡ. ಅದರ ಕುಲ ಆರ್ಟಿಮೀಸಿಯಾ. ನಮ್ಮ ದವನವೂ ಅದೇ ಕುಲದ್ದು! ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲಿಗೆ ಹೋದರೆ ಮಲ್ಲಿಗೆ, ಕನಕಾಂಬರದ ನಡುವೆ ಸಿಕ್ಕಿಸಿರುತ್ತಾರಲ್ಲ, ಅದೇ ದವನ. ದೇವರ ತಲೆ ಮೇಲೊಬ್ಬ, ಬಾಟಲಿಯೊಳಗೊಬ್ಬ. ದಾಯಾದಿಗಳು ಅಂದಮೇಲೆ ಹೀಗೇ ಅಲ್ವಾ.

ಲಿಕ್ಯೂರಿನ ಗುಟ್ಟು ಹಣ್ಣಿನಲ್ಲಿಲ್ಲ, ಸಿಪ್ಪೆಯಲ್ಲಿದೆ. ಕಹಿ ಕಿತ್ತಳೆಯ ಸಿಪ್ಪೆಯ ಎಣ್ಣೆ, ಜೊತೆಗೆ ಸಕ್ಕರೆ. ಕಿತ್ತಳೆ ಸಿಪ್ಪೆ ಗೊಜ್ಜು ತಿಂದವರಿಗೆ ಈ ರುಚಿ ಹೊಸದಲ್ಲ: ಮೊದಲು ಬೆಲ್ಲದ ಸಿಹಿ, ಹಿಂದೆಯೇ ಕಹಿ. ರಸಕ್ಕೆ ಮಾತ್ರ ಕೊಡಗಿನ ಕಿತ್ತಳೆಯೇ ಆಗಬೇಕು. ನೋಡೋಕೆ ಹಸಿರು ಹಳದಿ, ಸಿಪ್ಪೆ ಸಡಿಲ, ಅಂದಚಂದ ಏನಿಲ್ಲ. ಆದರೆ ಆ ಹುಳಿ ಇದೆಯಲ್ಲ, ಅದೇ ಈ ಗ್ಲಾಸನ್ನು ಎತ್ತಿ ನಿಲ್ಲಿಸುವುದು. ಬರೀ ಸಿಹಿ ಹಣ್ಣು ಹಿಂಡಿದರೆ ಕೆಮ್ಮಿನ ಸಿರಪ್ಪು. ಪ್ಯಾಕೆಟ್ ಜ್ಯೂಸ್ ಹಾಕುವವರ ಜೊತೆ ನನಗೆ ಮಾತಿಲ್ಲ.

ಒಂದೇ ತೊಂದರೆ. ಮುಚ್ಚಳ ತೆಗೆದ ವರ್ಮುತ್ ಜಿನ್‌ನ ಹಾಗೆ ವರ್ಷಗಟ್ಟಲೆ ಕೂರುವುದಿಲ್ಲ. ಎಷ್ಟಾದರೂ ವೈನು. ಫ್ರಿಜ್ಜಿನಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಬೇಕು, ಇಲ್ಲದಿದ್ದರೆ ಸಪ್ಪೆ. ನಮ್ಮ ಮನೆ ಫ್ರಿಜ್ಜಿನಲ್ಲಿ ಹಾಲಿನ ಪ್ಯಾಕೆಟ್ಟಿಗೂ ದೋಸೆ ಹಿಟ್ಟಿಗೂ ಮೊದಲೇ ಜಗಳ. ನಡುವೆ ಎರಡು ಇಟಲಿ ಬಾಟಲಿ ನುಗ್ಗಿಸಿದ್ದಕ್ಕೆ ಹೆಂಡತಿ ಗಡುವು ಕೊಟ್ಟಿದ್ದಾಳೆ. ಭಾವನಿಗೆ ಫೋನ್ ಮಾಡಿ, ಮುಂದಿನ ಭಾನುವಾರವೂ ಬನ್ನಿ ಅಂದೆ. "ಯಾಕೆ, ಏನಾದ್ರೂ ವಿಶೇಷವಾ?" ಅಂದರು. ಏನಿಲ್ಲ ಭಾವ, ಸುಮ್ನೆ ಬನ್ನಿ, ಜಾಗ ಖಾಲಿ ಮಾಡಬೇಕು ಅಂದೆ.