ಸತ್ಯಾಂಶ: 3 ಡಾಲರ್ ಅನಿಲ ಇಲ್ಲಿಗೆ ಬರುವಾಗ ದುಬಾರಿಯಾಗುವುದೇಕೆ?

‘ಅಮೆರಿಕದಲ್ಲಿ ನೈಸರ್ಗಿಕ ಅನಿಲ 3 ಡಾಲರ್. ನಮಗೆ ಅದರ ಎರಡು ಮೂರು ಪಟ್ಟು. ನಡುವಿನದೆಲ್ಲ ದಲ್ಲಾಳಿಗಳ ಲೂಟಿ’ ಎಂಬ ಸಂದೇಶ ಹರಿದಾಡುತ್ತಿದೆ.

3 ಡಾಲರ್ ಎಂಬುದು ಕಟ್ಟುಕತೆಯಲ್ಲ. ಹಲವು ವರ್ಷ ದರ ಅದರ ಆಸುಪಾಸಿನಲ್ಲೇ ಇತ್ತು. ಆದರೆ ಅದು ಹತ್ತು ಲಕ್ಷ ಬಿಟಿಯುಗೆ (ಬಿಟಿಯು ಎಂದರೆ ಶಾಖದ ಒಂದು ಅಳತೆ), ಅಮೆರಿಕದ ಲೂಸಿಯಾನದಲ್ಲಿ ಕೊಳವೆಮಾರ್ಗಗಳು ಕೂಡುವ ಕೇಂದ್ರವಾದ ಹೆನ್ರಿ ಹಬ್‌ನಲ್ಲಿ, ಕೊಳವೆಯೊಳಗಿರುವ ಅನಿಲದ ಬೆಲೆ. ಹಡಗು ಹತ್ತಬೇಕಾದರೆ ಅದನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ ದ್ರವವಾಗಿಸಬೇಕು. ಈ ಕೆಲಸಕ್ಕೇ ಅನಿಲದ ಒಂದು ಪಾಲು ಉರಿದು ಹೋಗುತ್ತದೆ.

ಭಾರತದ ಸರ್ಕಾರಿ ಅನಿಲ ಕಂಪನಿ ಗೇಲ್ 2011ರಲ್ಲಿ ಅಮೆರಿಕದ ಸಬೀನ್ ಪಾಸ್ ದ್ರವೀಕರಣ ಸ್ಥಾವರದ ಅನಿಲಕ್ಕೆ ಮಾಡಿಕೊಂಡ 20 ವರ್ಷಗಳ ಒಪ್ಪಂದವನ್ನೇ ನೋಡಿ. ಹೆನ್ರಿ ಹಬ್ ದರದ ಶೇ 115 (ಹೆಚ್ಚಿನ ಶೇ 15 ಮುಖ್ಯವಾಗಿ ಉರಿದು ಹೋಗುವ ಅನಿಲಕ್ಕೆ), ಮೇಲೆ ದ್ರವವಾಗಿಸಲು 3 ಡಾಲರ್ ಶುಲ್ಕ. ಅಂದರೆ 3 ಡಾಲರ್ ಅನಿಲ ಹಡಗಿಗೇರುವಾಗಲೇ 6.45 ಡಾಲರ್! ಸಾಗಣೆ, ಇಲ್ಲಿ ಮರಳಿ ಅನಿಲವಾಗಿಸುವ ಖರ್ಚು ಬೇರೆ. ಇದರಲ್ಲಿ ಗುಟ್ಟೇನೂ ಇಲ್ಲ, ಬರೀ ಕೂಡುವ ಲೆಕ್ಕ.

ಅನಿಲ ಹೇರಳವಾಗಿದ್ದರೆ ರಫ್ತು ಅಗ್ಗ ಎಂಬುದೂ ಅರ್ಧಸತ್ಯವೇ. ಆಸ್ಟ್ರೇಲಿಯಾದ ಗೋರ್ಗನ್ ಅನಿಲ ರಫ್ತು ಯೋಜನೆಗೆ 2009ರಲ್ಲಿ ಅಂದಾಜಿಸಿದ್ದು 37 ಶತಕೋಟಿ ಡಾಲರ್, ತಗುಲಿದ್ದು ಸುಮಾರು 54 ಶತಕೋಟಿ. ದೂರದ ದ್ವೀಪ, ದುಬಾರಿ ಕೂಲಿ. ಸಬೀನ್ ಪಾಸ್ ಮೊದಲು ಆಮದು ಟರ್ಮಿನಲ್ ಆಗಿದ್ದುದರಿಂದ ಟ್ಯಾಂಕು, ಧಕ್ಕೆಗಳು ಸಿದ್ಧವಿದ್ದವು, ಆ ಖರ್ಚು ಉಳಿಯಿತು. ಕತಾರ್‌ಗೆ ಅನಿಲದ ಜೊತೆ ಸಿಗುವ ಕಂಡೆನ್ಸೇಟ್ ಎಂಬ ಹಗುರ ತೈಲದ ಮಾರಾಟವೇ ವೆಚ್ಚದ ಬಹುಭಾಗವನ್ನು ತುಂಬಿಕೊಡುತ್ತದೆ.

ವ್ಯಾಪಾರಿಗಳು ಲಾಭ ಮಾಡುವುದಿಲ್ಲವೇ? ಧಾರಾಳವಾಗಿ ಮಾಡುತ್ತಾರೆ, 2022ರಂತಹ ಅಭಾವದ ವರ್ಷದಲ್ಲಿ ವಿಪರೀತವಾಗಿಯೇ. ಆದರೆ 3ಕ್ಕೂ 6.45ಕ್ಕೂ ನಡುವಿನ ಅಂತರ ಅವರದಲ್ಲ.