ಕೆಲಸಕ್ಕುಂಟು, ಸಂಬಳಕ್ಕಿಲ್ಲ

ಓಣಿಯ ಮಕ್ಕಳ ಆಟದಲ್ಲಿ ತೀರ ಚಿಕ್ಕ ಕೂಸೊಂದು ತಾನೂ ಆಡುತ್ತೇನೆಂದು ಹಟ ಹಿಡಿದಾಗ, ದೊಡ್ಡವರು ಅದನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಹುದ್ದೆಗೆ ನೇಮಿಸಿಕೊಳ್ಳುವುದುಂಟು. ಕೂಸು ಎಲ್ಲರ ಜೊತೆ ಓಡುತ್ತದೆ, ಬೀಳುತ್ತದೆ, ಮೊಣಕಾಲು ತರಚಿಕೊಳ್ಳುತ್ತದೆ. ಆದರೆ ಅದು ಔಟಾಗುವುದೂ ಇಲ್ಲ, ಗೆಲ್ಲುವುದೂ ಇಲ್ಲ. ಈ ಹುದ್ದೆಯನ್ನು ಸೃಷ್ಟಿಸಿದ ಕೀರ್ತಿ ನಮ್ಮ ಹಳ್ಳಿಯ ಹುಡುಗರದೇ ಎಂದು ನಾನು ಬಹುಕಾಲ ನಂಬಿದ್ದೆ. ಜಗತ್ತಿನ ಅತಿ ಶ್ರೀಮಂತ ಗಣರಾಜ್ಯವು ತನ್ನ ಲಕ್ಷಾಂತರ ನೌಕರರನ್ನು ಆಗಾಗ ಇದೇ ಹುದ್ದೆಯಲ್ಲಿ ಕೂರಿಸುತ್ತದೆಂಬುದು ಮನವರಿಕೆಯಾದದ್ದು 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, ಅಮೆರಿಕದ ಒಕ್ಕೂಟ ಸರ್ಕಾರ 43 ದಿನ ಬಾಗಿಲು ಹಾಕಿಕೊಂಡು ಕುಳಿತಾಗ.

ಏರ್ಪಾಡು ಹೀಗಿದೆ. ಅಲ್ಲಿನ ಹಣಕಾಸು ವರ್ಷ ಅಕ್ಟೋಬರ್ ಒಂದಕ್ಕೆ ಶುರುವಾಗುತ್ತದೆ. ಅಷ್ಟರೊಳಗೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು, ಸರ್ಕಾರದ ಖರ್ಚಿಗೆ ಹಣ ಒದಗಿಸುವ 12 ಧನವಿನಿಯೋಗ ಮಸೂದೆಗಳನ್ನು ಅಂಗೀಕರಿಸಬೇಕು; ಆಗದಿದ್ದರೆ ಕೆಲವು ವಾರಗಳ ಮಟ್ಟಿಗಾದರೂ ತಾತ್ಕಾಲಿಕ ಮಸೂದೆಯೊಂದನ್ನು ತರಬೇಕು. ನಮ್ಮಲ್ಲಿ ಬಜೆಟ್ ತಡವಾದರೆ ಲೇಖಾನುದಾನ ಪಡೆದು ಸಂಸಾರ ತೂಗಿಸುತ್ತೇವೆ, ಹಣ ಕೊಡಲು ಲೋಕಸಭೆ ಒಪ್ಪದೇ ಹೋದರೆ ಮನೆಗೆ ಹೋಗಬೇಕಾದವರು ಮಂತ್ರಿಗಳು. ಅಲ್ಲಿ ಮನೆಗೆ ಹೋಗುವವರು ಗುಮಾಸ್ತರು.

ಅನುಮತಿಯಿಲ್ಲದೆ ಬೊಕ್ಕಸದಿಂದ ಒಂದು ಸೆಂಟನ್ನೂ ಖರ್ಚು ಮಾಡಕೂಡದೆಂಬ ಕಾನೂನು ಅಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಇದೆ. ಆದರೆ ಮಸೂದೆ ತಡವಾಯಿತೆಂದು ಕಚೇರಿಗೆ ಬೀಗ ಹಾಕಬೇಕೆಂಬ ಬುದ್ಧಿ ಸುಮಾರು ನೂರು ವರ್ಷ ಯಾರಿಗೂ ಹೊಳೆದಿರಲಿಲ್ಲ. 1980ರಲ್ಲಿ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿಯವರು ಆ ಕಾನೂನನ್ನು ಅಕ್ಷರಶಃ ಓದಿ, ಹಣವಿಲ್ಲದ ಇಲಾಖೆ ಕೆಲಸ ನಿಲ್ಲಿಸಲೇಬೇಕೆಂದು ಅಭಿಪ್ರಾಯ ಬರೆದರು; ಮರುವರ್ಷ, ಮನುಷ್ಯರ ಜೀವ ಮತ್ತು ಸರ್ಕಾರದ ಸ್ವತ್ತು ಕಾಯುವವರು ಮಾತ್ರ ಕೆಲಸ ಮಾಡಬಹುದೆಂದು ತಿದ್ದುಪಡಿ ಸೂಚಿಸಿದರು. ಓದುಬರಹ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಅಜ್ಜಿಯಂದಿರು ಕೊಡುತ್ತಿದ್ದ ಉದಾಹರಣೆಗಳಿಗೆ ಇದನ್ನೂ ಸೇರಿಸಿಕೊಳ್ಳಬಹುದು.

ಹೀಗಾಗಿ ನೌಕರರಲ್ಲಿ ಎರಡು ವರ್ಣಗಳು ಹುಟ್ಟಿಕೊಂಡವು. ‘ಫರ್ಲೋ’ ವರ್ಣದವರು ಕಡ್ಡಾಯವಾಗಿ ಮನೆಯಲ್ಲಿರಬೇಕು. ‘ಎಕ್ಸೆಪ್ಟೆಡ್’ ವರ್ಣದವರು ಕಡ್ಡಾಯವಾಗಿ ಕೆಲಸಕ್ಕೆ ಬರಬೇಕು, ಸಂಬಳ ಮಾತ್ರ ಕೇಳಬಾರದು. 2025ರಲ್ಲಿ ಮೊದಲನೆಯವರು 6 ಲಕ್ಷಕ್ಕೂ ಹೆಚ್ಚು, ಎರಡನೆಯವರು 7 ಲಕ್ಷಕ್ಕೂ ಹೆಚ್ಚು. ಇಲ್ಲಿನ ಸೂಕ್ಷ್ಮವೊಂದನ್ನು ಗಮನಿಸಬೇಕು. ಫರ್ಲೋದಲ್ಲಿರುವ ನೌಕರ, ಮನೆಯಲ್ಲಿ ಕುಳಿತು ಬೇಸರವಾಗಿದೆ, ಬಿಟ್ಟಿಯಾಗಿಯೇ ನಾಲ್ಕು ಕಡತ ನೋಡಿಬಿಡುತ್ತೇನೆಂದು ಕಚೇರಿಯ ಇಮೇಲ್ ತೆರೆದರೆ ಅದು ಕಾನೂನುಬಾಹಿರ, ಏಕೆಂದರೆ ಸರ್ಕಾರ ಬಿಟ್ಟಿ ಸೇವೆಯನ್ನು ಸ್ವೀಕರಿಸುವಂತಿಲ್ಲ. ಬೇಡವೆಂದರೂ ಕರೆಸಿಕೊಂಡು ಸಂಬಳವಿಲ್ಲದೆ ದುಡಿಸಿಕೊಂಡರೆ ಅದು ಕರ್ತವ್ಯಪಾಲನೆ. ಕೊನೆಗೆ 2019ರ ಕಾನೂನಿನ ಪ್ರಕಾರ ಇಬ್ಬರಿಗೂ ಹಿಂಬಾಕಿ ಸಮನಾಗಿ ಸಿಗುತ್ತದೆ: ದುಡಿದವನಿಗೆ ದುಡಿದದ್ದಕ್ಕೆ, ಮನೆಯಲ್ಲಿದ್ದವನಿಗೆ ಮನೆಯಲ್ಲಿದ್ದದ್ದಕ್ಕೆ. ಅದೇ ಕಟ್ಟಡಗಳಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸುವವರಿಗೂ ಬಾಗಿಲು ಕಾಯುವವರಿಗೂ ಈ ಕಾನೂನು ಅನ್ವಯಿಸುವುದಿಲ್ಲ. ಅವರು ಆಟಕ್ಕೂ ಇಲ್ಲ, ಲೆಕ್ಕಕ್ಕೂ ಇಲ್ಲ.

ಇಮೇಲ್ ಎಂದೊಡನೆ ನೆನಪಾಯಿತು. ಶಿಕ್ಷಣ ಇಲಾಖೆಯ ನೌಕರರು ‘ಸದ್ಯ ನಾನು ರಜೆಯಲ್ಲಿದ್ದೇನೆ’ ಎಂಬ ಸ್ವಯಂ ಉತ್ತರವೊಂದನ್ನು ಸಭ್ಯವಾಗಿ ಬರೆದಿಟ್ಟು ಮನೆಗೆ ಹೋಗಿದ್ದರು. ಅವರು ಹೋದ ಮೇಲೆ ಆ ಉತ್ತರಗಳು ತಾವಾಗಿಯೇ ರಾಜಕೀಯ ಪ್ರಜ್ಞೆ ಪಡೆದುಕೊಂಡು, ಈ ಸ್ಥಿತಿಗೆ ಡೆಮಾಕ್ರಾಟ್ ಸೆನೆಟರುಗಳೇ ಕಾರಣವೆಂದು ನೌಕರರದೇ ಹೆಸರಿನಲ್ಲಿ ಸಾರತೊಡಗಿದವು. ತನ್ನ ಅಂಚೆಪೆಟ್ಟಿಗೆಯನ್ನು ತಾನೇ ತೆರೆಯುವಂತಿಲ್ಲದ ಮನುಷ್ಯ, ಅದರೊಳಗಿಂದ ಚುನಾವಣಾ ಭಾಷಣ ಮಾಡುತ್ತಿದ್ದ! ಇದು ನೌಕರರ ವಾಕ್ ಸ್ವಾತಂತ್ರ್ಯದ ಉಲ್ಲಂಘನೆಯೆಂದು ನ್ಯಾಯಾಲಯ ಹೇಳಬೇಕಾಯಿತು.

ಹಾಗೆಂದು ಎದುರು ಪಕ್ಷದವರು ಮುಗ್ಧರೆಂದು ಭಾವಿಸಬೇಕಾಗಿಲ್ಲ. ಆರೋಗ್ಯ ವಿಮೆಯ ಸಹಾಯಧನ ವರ್ಷಾಂತ್ಯಕ್ಕೆ ಮುಗಿಯುತ್ತದೆ, ಅದನ್ನು ಮುಂದುವರಿಸದೆ ಮತ ಹಾಕುವುದಿಲ್ಲವೆಂದು ಅವರು ಪಟ್ಟು ಹಿಡಿದರು. ಮೇಲ್ಮನೆಯಾದ ಸೆನೆಟ್‌ನಲ್ಲಿ ಬೇಕಾಗಿದ್ದ 60 ಮತಗಳು ಅವರಿಲ್ಲದೆ ಕೂಡುತ್ತಿರಲಿಲ್ಲ. ಹೀಗೆ ಒಂದೇ ಮಸೂದೆ ಅದೇ ಸಭೆಯ ಮುಂದೆ ಹದಿನಾಲ್ಕು ಸಲ ಹೋಗಿ ಹದಿನಾಲ್ಕು ಸಲವೂ ಫೇಲಾಯಿತು. ನಮ್ಮ ವಿಶ್ವವಿದ್ಯಾಲಯಗಳಲ್ಲಾದರೂ ಅಷ್ಟು ಹೊತ್ತಿಗೆ ಗ್ರೇಸ್ ಮಾರ್ಕ್ಸ್ ಕೊಟ್ಟು ಕಳಿಸುತ್ತಿದ್ದರು. ಕೆಳಮನೆಯದು ಇನ್ನೂ ಉದಾತ್ತವಾದ ನಡೆ: ಸ್ಪೀಕರ್ ಮೈಕ್ ಜಾನ್ಸನ್ ಅವರು ಸದಸ್ಯರನ್ನು ಸೆಪ್ಟೆಂಬರ್ 19ರಂದು ಊರಿಗೆ ಕಳಿಸಿದವರು, ಮತ್ತೆ ಮತಕ್ಕೆ ಕರೆಸಿಕೊಂಡದ್ದು ನವೆಂಬರ್ 12ಕ್ಕೆ. ಇಷ್ಟು ದಿನವೂ ಸದಸ್ಯರ ಸಂಬಳ ನಿಲ್ಲಲಿಲ್ಲ, ಏಕೆಂದರೆ ಅದಕ್ಕೆ ಸಂವಿಧಾನದ ರಕ್ಷಣೆಯಿದೆ.

ವಿಮಾನ ನಿಲ್ದಾಣಗಳಿಗೆ ಬರೋಣ. ಏರ್ ಟ್ರಾಫಿಕ್ ಕಂಟ್ರೋಲರುಗಳ ಕೈಗೆ ಅಕ್ಟೋಬರ್ 28ರಂದು ಬಂದ ಸಂಬಳದ ಚೀಟಿಯಲ್ಲಿ ಇದ್ದದ್ದು ಸೊನ್ನೆ. ಕತ್ತಲ ಕೋಣೆಯಲ್ಲಿ ಪರದೆಯ ಮೇಲಿನ ಚುಕ್ಕೆಗಳನ್ನು ನೋಡುತ್ತ, ಒಂದೊಂದು ಚುಕ್ಕೆಯಲ್ಲೂ ಇನ್ನೂರು ಮುನ್ನೂರು ಜೀವಗಳಿವೆಯೆಂದು ನೆನಪಿಟ್ಟುಕೊಂಡು, ಜೊತೆಗೆ ಈ ತಿಂಗಳ ಮನೆಯ ಕಂತನ್ನೂ ನೆನೆಯಬೇಕಾದ ಕೆಲಸ ಅದು. ಕೆಲವರು ಪಾಳಿ ಮುಗಿಸಿ ಬಾಡಿಗೆ ಕಾರು ಓಡಿಸಿದರು, ಇನ್ನು ಕೆಲವರು ಬರುವುದನ್ನೇ ಬಿಟ್ಟರು. ನವೆಂಬರ್ 7ರಿಂದ 40 ದೊಡ್ಡ ನಿಲ್ದಾಣಗಳಲ್ಲಿ ಹಾರಾಟಗಳನ್ನು ಶೇಕಡಾ 4ರಷ್ಟು ಕಡಿತಗೊಳಿಸಿ, ಹತ್ತಕ್ಕೇರಿಸುವುದಾಗಿ ಸಾರಲಾಯಿತು. ಎಲ್ಲ ಮುಗಿದ ಮೇಲೆ, ಒಂದು ದಿನವೂ ತಪ್ಪಿಸದೆ ಬಂದ 776 ಮಂದಿಗೆ ತಲಾ 10,000 ಡಾಲರ್ ಬಹುಮಾನ ಘೋಷಣೆಯಾಯಿತು. ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿ ನನ್ನ ಪ್ರಾಥಮಿಕ ಶಾಲೆಯಲ್ಲೂ ಇತ್ತು. ಕಂಪಾಸ್ ಬಾಕ್ಸ್ ಕೊಡುತ್ತಿದ್ದರು.

ನಗಲು ಬಾರದ ಬಾಬ್ತು ಒಂದಿದೆ. ಸುಮಾರು 4 ಕೋಟಿ 20 ಲಕ್ಷ ಬಡವರು ದಿನಸಿ ಕೊಳ್ಳಲು ನೆಚ್ಚಿಕೊಂಡಿರುವ ‘ಸ್ನ್ಯಾಪ್’ ಕಾರ್ಡಿಗೆ ನವೆಂಬರ್ ಒಂದರಂದು ಹಣ ಬೀಳಲಿಲ್ಲ. ತುರ್ತು ನಿಧಿಯನ್ನಾದರೂ ಬಳಸಿರೆಂದು ನ್ಯಾಯಾಧೀಶರು ಆದೇಶಿಸಿದರು, ಸರ್ಕಾರ ಮೇಲ್ಮನವಿ ಹೋಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಏರಿತು. ಈ ನಡುವೆ ಕೆಲವು ರಾಜ್ಯಗಳು ಪೂರ್ತಿ ಹಣ ಹಾಕಿಬಿಟ್ಟಾಗ, ಹಾಗೆ ಮಾಡಿದ್ದನ್ನು ತಕ್ಷಣ ರದ್ದುಗೊಳಿಸಿರೆಂದು ಕೃಷಿ ಇಲಾಖೆ ಫರ್ಮಾನು ಹೊರಡಿಸಿತು. ಯಾವ ಕೆಲಸಕ್ಕೂ ಸಿಬ್ಬಂದಿಯಿಲ್ಲದ ಕಾಲದಲ್ಲಿ, ಬಡಿಸಿದ ಎಲೆಯಿಂದ ಅನ್ನ ಹಿಂದಕ್ಕೆ ತೆಗೆಯಿರಿ ಎಂದು ಬರೆಯುವುದಕ್ಕೆ ಮಾತ್ರ ಸಿಬ್ಬಂದಿ ಸಿಕ್ಕಿದ್ದರು.

ಈ ಕಲೆ ಒಂದೇ ದಿನದಲ್ಲಿ ಸಿದ್ಧಿಸಿದ್ದಲ್ಲ. 2013ರಲ್ಲಿ ಬಾಗಿಲೇ ಇಲ್ಲದ ಬಯಲು ಸ್ಮಾರಕಕ್ಕೆ ಬ್ಯಾರಿಕೇಡು ತಂದಿಟ್ಟು ಮುಚ್ಚಲಾಯಿತು, ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ್ದ ಮುದುಕರ ತಂಡ ಅದನ್ನು ದಾಟಿ ಒಳಹೊಕ್ಕಿತು. ಉದ್ಯಾನಗಳನ್ನು ಮುಚ್ಚಿದ್ದು ತಪ್ಪೆಂಬ ಬೈಗುಳ ಕೇಳಿದ ಮೇಲೆ, 2018ರ ಕೊನೆಯಲ್ಲಿ ಅವುಗಳನ್ನು ಕಾವಲಿಲ್ಲದೆ ತೆರೆದಿಟ್ಟರು. ಜೋಶುವಾ ಟ್ರೀ ಉದ್ಯಾನದಲ್ಲಿ ಶೌಚಾಲಯಗಳು ತುಂಬಿ ಹರಿದವು, ಹೆಸರಿಗೆ ಕಾರಣವಾದ ಮರಗಳನ್ನೇ ಯಾರೋ ಕಡಿದರು. ಅದೇ ಸಲ ವಾಷಿಂಗ್ಟನ್ ನಗರದಲ್ಲಿ ಮದುವೆ ಪರವಾನಗಿ ಕೊಡುವ ಕಚೇರಿಯೂ ಮುಚ್ಚಿ, ಛತ್ರ ಗೊತ್ತು ಮಾಡಿಕೊಂಡಿದ್ದ ಜೋಡಿಗಳು ಕಂಗಾಲಾದಾಗ, ನಗರಸಭೆ ‘ಲವ್’ ಎಂಬ ಸಂಕ್ಷಿಪ್ತ ನಾಮದ ತುರ್ತು ಕಾನೂನು ತಂದು ತಾನೇ ಪರವಾನಗಿ ಕೊಟ್ಟಿತು. ಪ್ರೇಮಕ್ಕೂ ಧನವಿನಿಯೋಗಕ್ಕೂ ಇರುವ ಸಂಬಂಧವನ್ನು ಮದುವೆಯಾದವರು ಅದಕ್ಕೂ ಮೊದಲೇ ಬಲ್ಲರು, ಆ ಮಾತು ಬೇರೆ. ಸಂಬಳವಿಲ್ಲದವರು ಉಚಿತ ದಿನಸಿಗಾಗಿ ಸಾಲು ನಿಲ್ಲುವುದೇಕೋ ತನಗೆ ಅರ್ಥವಾಗುತ್ತಿಲ್ಲ, ಸಾಲ ಪಡೆಯಬಹುದಲ್ಲ ಎಂಬರ್ಥದಲ್ಲಿ ಆಗಿನ ವಾಣಿಜ್ಯ ಕಾರ್ಯದರ್ಶಿ ವಿಲ್ಬರ್ ರಾಸ್ ಅಚ್ಚರಿಪಟ್ಟಿದ್ದರು.

2018ರ ಕೊನೆಯಲ್ಲಿ ಬಿದ್ದ ಆ ಬೀಗ ತೆರೆದದ್ದು 35 ದಿನಗಳ ಮೇಲೆ; ಅದರ ಜಮಾಖರ್ಚು ಮನನೀಯವಾಗಿದೆ. ಗಡಿಗೋಡೆಗೆ 570 ಕೋಟಿ ಡಾಲರ್ ಬೇಕೆಂದು ಟ್ರಂಪ್ ಹಟ ಹಿಡಿದಿದ್ದರು, ಕಾಂಗ್ರೆಸ್ಸು ಕೊನೆಗೆ ಕೊಟ್ಟದ್ದು 137.5 ಕೋಟಿ. ದೇಶದ ಆರ್ಥಿಕತೆ ಮರಳಿ ಬಾರದಂತೆ ಕಳೆದುಕೊಂಡದ್ದು ಕಾಂಗ್ರೆಸ್ಸಿನದೇ ಬಜೆಟ್ ಕಚೇರಿಯ ಅಂದಾಜಿನಂತೆ 300 ಕೋಟಿ. 2025ರ ಆರು ವಾರಗಳಿಗೆ ಅದೇ ಕಚೇರಿ ಅಂದಾಜಿಸಿದ ಶಾಶ್ವತ ನಷ್ಟ ಸುಮಾರು 1,100 ಕೋಟಿ ಡಾಲರ್. ಅನುಮತಿಯಿಲ್ಲದೆ ಒಂದು ಸೆಂಟೂ ಖರ್ಚಾಗಲಿಲ್ಲವೆಂಬ ಸಮಾಧಾನಕ್ಕೆ ತೆತ್ತ ಬೆಲೆ ಇದು.

ನಮ್ಮವರೂ ಈ ಯಜ್ಞಕ್ಕೆ ಸಮಿತ್ತು ಹಾಕಿದ್ದಾರೆ. ಎಚ್-1ಬಿ ವೀಸಾಗೆ ಮೊದಲ ಮೆಟ್ಟಿಲಾದ ಕಾರ್ಮಿಕ ಇಲಾಖೆಯ ಒಪ್ಪಿಗೆ ಪತ್ರ ಅಕ್ಟೋಬರ್ ತಿಂಗಳಿಡೀ ಸಿಗಲಿಲ್ಲ, ಅರ್ಜಿ ಹಾಕುವ ಜಾಲತಾಣವನ್ನೇ ಮುಚ್ಚಿದ್ದರು. ಮುಂದಿನ ಕೌಂಟರಾದ ವಲಸೆ ಇಲಾಖೆ ಮಾತ್ರ ಅರ್ಜಿದಾರರ ಶುಲ್ಕದಿಂದಲೇ ನಡೆಯುವುದರಿಂದ ತೆರೆದಿತ್ತು. ಬೆಂಗಳೂರಿನಿಂದ ಹೋಗಿ ಕಂಪನಿ ಬದಲಿಸಲು ಕಾದಿದ್ದ ತಂತ್ರಜ್ಞನ ಪಾಲಿಗೆ ಶುಲ್ಕ ಕಟ್ಟುವ ಕಿಟಕಿ ತೆರೆದಿದೆ, ಅಲ್ಲಿಗೆ ಹೋಗುವ ಮೆಟ್ಟಿಲು ಮಾತ್ರ ಮುಚ್ಚಿದೆ. ಸರ್ವರ್ ಡೌನ್ ಎಂಬ ಮಾತನ್ನು ತಾನು ಊರಿನಲ್ಲೇ ಬಿಟ್ಟುಬಂದೆನೆಂದು ಅವನು ನಂಬಿದ್ದ.

ಕೊನೆಗೂ ನವೆಂಬರ್ 12ರಂದು ಕೆಳಮನೆ 222ಕ್ಕೆ 209 ಮತಗಳಿಂದ ಮಸೂದೆ ಅಂಗೀಕರಿಸಿತು. ಯಾವ ಸಹಾಯಧನಕ್ಕಾಗಿ ಇಷ್ಟೆಲ್ಲ ನಡೆಯಿತೋ ಅದು ಮಸೂದೆಯಲ್ಲಿರಲಿಲ್ಲ; ಡಿಸೆಂಬರ್‌ನಲ್ಲಿ ಸೆನೆಟ್ ಅದನ್ನು ಮತಕ್ಕೆ ಹಾಕುತ್ತದೆಂಬ ಬಾಯಿಮಾತಿತ್ತು. ಹೆಚ್ಚಿನ ಇಲಾಖೆಗಳಿಗೆ ಹಣ ಸಿಕ್ಕಿದ್ದು 2026ರ ಜನವರಿ 30ರವರೆಗೆ, ಅಂದರೆ 79 ದಿನಗಳಿಗೆ. ಇಡೀ ವರ್ಷದ ಹಣ ಪಡೆದದ್ದು ಮೂರೇ ಬಾಬ್ತುಗಳು: ಕೃಷಿ, ಮಾಜಿ ಸೈನಿಕರ ಕಲ್ಯಾಣ ಹಾಗೂ ಸೇನಾ ನಿರ್ಮಾಣ, ಮತ್ತು ಮೂರನೆಯದಾಗಿ, ಶಾಸಕಾಂಗದ ಸ್ವಂತ ಖರ್ಚು. ಅದರ ಜೊತೆಗೇ, ತಮಗೆ ತಿಳಿಸದೆ ಫೋನ್ ದಾಖಲೆ ಪಡೆದಿದ್ದರೆ ಸೆನೆಟರುಗಳು ಸರ್ಕಾರದ ಮೇಲೆ ಕನಿಷ್ಠ 5 ಲಕ್ಷ ಡಾಲರಿಗೆ ದಾವೆ ಹೂಡಬಹುದೆಂಬ ಪುಟ್ಟ ಕಲಮೂ ಒಳಗೆ ಬಂದು ಕುಳಿತಿತ್ತು. ಕೆಳಮನೆಯ ಎರಡೂ ಕಡೆಯವರು ಅದನ್ನು ಕಂಡು ಹಲ್ಲು ಕಡಿದರು. ಆದರೆ ತಿದ್ದಲು ಹೊರಟರೆ ಮಸೂದೆ ಸೆನೆಟ್‌ಗೆ ಹಿಂದಿರುಗಬೇಕಿತ್ತು, ಇನ್ನಷ್ಟು ದಿನ ಬೀಗ ತೆಗೆಯುವಂತಿರಲಿಲ್ಲ. ಆದ್ದರಿಂದ ಅಧ್ಯಕ್ಷರು ಅದೇ ರಾತ್ರಿ ಕಲಮಿನ ಸಮೇತ ಸಹಿ ಹಾಕಿದರು.